ಬಳಚು, ಪಾದರಸ ಮತ್ತು ಒಂದು ಎಕ್ಸೆಲ್ ಶೀಟು: ಹಲವರು ಸೇರಿ ಕೂಡಿಟ್ಟ ಆರೋಗ್ಯ ಡೇಟಾ ಕೆಡದಂತೆ ಇಟ್ಟುಕೊಳ್ಳುವುದು ಹೇಗೆ

ನಮ್ಮ ಮುಂದೆ ಎರಡು ಶೀಟು ಇತ್ತು. ಒಂದು ಕಾಳಿ ನದಿ ಕಡಲು ಸೇರುವ ಅಳಿವೆಯ ಬಳಚಿನದು, ಅಂದರೆ ಅಲ್ಲಿ ಸಿಗುವ ಚಿಪ್ಪುಮೀನಿನದು, ಇನ್ನೊಂದು ಅಘನಾಶಿನಿ ಅಳಿವೆಯದು. ಎರಡರಲ್ಲೂ ‘ಪಾದರಸ’ ಅಂತ ಒಂದು ಕಾಲಂ. ಒಂದು ಕಡೆಯ ಅಂಕಿ ಇನ್ನೊಂದರ ನಾಲ್ಕೈದು ಪಟ್ಟು. ಹುಡುಗರು ಆಗಲೇ ನಕಾಶೆಗೆ ಕೆಂಪು ಬಣ್ಣ ಬಳಿಯಲು ಶುರು ಮಾಡಿದ್ದರು. ಎರಡು ದಿನ ಅವರಿವರಿಗೆ ಫೋನು ಮಾಡಿದ ಮೇಲೆ ವಿಷಯ ಹೊರಬಿತ್ತು. ಒಬ್ಬರು ಹಸಿ ಮಾಂಸದ ತೂಕಕ್ಕೆ ಲೆಕ್ಕ ಹಾಕಿದ್ದರು, ಇನ್ನೊಬ್ಬರು ಒಣಗಿಸಿ ಪುಡಿ ಮಾಡಿದ್ದಕ್ಕೆ. ಬಳಚಿನ ಮಾಂಸದಲ್ಲಿ ನೂರಕ್ಕೆ ಸುಮಾರು 80 ಪಾಲು ನೀರು. ನೀರು ಹೋದರೆ ಅಷ್ಟೇ ಪಾದರಸ ಐದು ಪಟ್ಟು ಕಾಣುತ್ತದೆ. ಯಾಕೆ ಬರೆಯಲಿಲ್ಲ ಅಂತ ಕೇಳಿದರೆ ಇಬ್ಬರದ್ದೂ ಒಂದೇ ಉತ್ತರ: “ಅದು ಗೊತ್ತಿದ್ದದ್ದೇ ಅಲ್ವಾ?”

ಹಂಚಿಕೊಂಡ ಡೇಟಾ ಕೆಡುವುದು ಹೆಚ್ಚಾಗಿ ಇಲ್ಲೇ. ಯಾರೂ ಮೋಸ ಮಾಡಿರುವುದಿಲ್ಲ, ಯಾರೂ ಸೋಮಾರಿಗಳೂ ಅಲ್ಲ. ಪ್ರತಿಯೊಬ್ಬರೂ ತಮಗೆ ಗೊತ್ತಿದ್ದದ್ದು ಎಲ್ಲರಿಗೂ ಗೊತ್ತು ಅಂದುಕೊಂಡಿರುತ್ತಾರೆ. ನೀವು ಕಾರವಾರದಲ್ಲೋ ಶಿರಸಿಯಲ್ಲೋ ನಾಲ್ಕು ಕಾಲೇಜಿನವರು, ಒಬ್ಬರು ಡಾಕ್ಟರು, ಒಂದಷ್ಟು ವಿದ್ಯಾರ್ಥಿಗಳು ಸೇರಿ ರಾಸಾಯನಿಕಗಳಿಂದ ಜನರ ಆರೋಗ್ಯಕ್ಕೆ ಏನಾಗುತ್ತದೆ ಅಂತ ಮಾಹಿತಿ ಕೂಡಿಸುತ್ತಿದ್ದರೆ, ನಾವು ಎಡವಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ದೊಡ್ಡ ಸಾಫ್ಟ್‌ವೇರ್ ಏನೂ ಬೇಡ.

ಮೊದಲ ಸ್ಯಾಂಪಲ್‌ಗಿಂತ ಮೊದಲು ಕಾಲಂ ಪಟ್ಟಿ

ಒಂದು ಬೇರೆ ಶೀಟು ಮಾಡಿ. ಅದರಲ್ಲಿ ನಿಮ್ಮ ಡೇಟಾದ ಪ್ರತಿ ಕಾಲಂಗೂ ಒಂದು ಸಾಲು: ಹೆಸರು ಏನು, ಅದರ ಅರ್ಥ ಏನು, ಯಾವ ಅಳತೆ, ಅದರಲ್ಲಿ ಯಾವ ಅಂಕಿ ಅಥವಾ ಪದ ಬರಬಹುದು, ಖಾಲಿ ಇದ್ದರೆ ಏನರ್ಥ. ‘ಪಾದರಸ’ ಅಂತ ಬರೆದರೆ ಸಾಲದು. ‘ಒಟ್ಟು ಪಾದರಸ, ಹಸಿ ತೂಕ, ಕೆಜಿಗೆ ಮಿಲಿಗ್ರಾಂ’ ಅಂತ ಬರೆಯಿರಿ. ಒಟ್ಟು ಯಾಕೆ ಅಂದರೆ, ಮೀನಿನಿಂದ ದೇಹಕ್ಕೆ ಸೇರಿ ನರಗಳಿಗೆ ತೊಂದರೆ ಕೊಡುವುದು ಮುಖ್ಯವಾಗಿ ಮೀಥೈಲ್ ಪಾದರಸ, ಆದರೆ ಹೆಚ್ಚಿನ ಲ್ಯಾಬ್‌ಗಳು ಅಳೆದು ಕೊಡುವುದು ಎಲ್ಲ ರೂಪವೂ ಸೇರಿದ ಒಟ್ಟು ಮೊತ್ತ.

ರಕ್ತದ ಅಂಕಿಗಳಲ್ಲಿ ಇನ್ನೂ ಎಚ್ಚರ ಬೇಕು. ರಕ್ತದ ಸೀಸವನ್ನು ಕೆಲವರು ಡೆಸಿಲೀಟರಿಗೆ ಮೈಕ್ರೋಗ್ರಾಂ ಲೆಕ್ಕದಲ್ಲಿ ಕೊಡುತ್ತಾರೆ, ಕೆಲವರು ಲೀಟರಿಗೆ. ನಡುವೆ ಹತ್ತು ಪಟ್ಟು ವ್ಯತ್ಯಾಸ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2021ರಿಂದ ಮಕ್ಕಳಿಗೆ ಇಟ್ಟುಕೊಂಡಿರುವ ಸೂಚಕ ಮಟ್ಟ ಡೆಸಿಲೀಟರಿಗೆ 3.5 ಮೈಕ್ರೋಗ್ರಾಂ. ನಿಮ್ಮ ಶೀಟಿನಲ್ಲಿ 35 ಅಂತಿದ್ದರೆ ಅದು ಗಾಬರಿಯಾಗಬೇಕಾದ ಮಗುವೋ, ಅಳತೆ ಬೇರೆಯಾದ ಮಗುವೋ? ಲ್ಯಾಬ್ ಕೊಟ್ಟ ಅಂಕಿ ಮತ್ತು ಅಳತೆ ಎರಡನ್ನೂ ಹಾಗೇ ಇಡಿ. ಬದಲಾಯಿಸಿದ ಅಂಕಿಗೆ ಪಕ್ಕದಲ್ಲಿ ಇನ್ನೊಂದು ಕಾಲಂ ಮಾಡಿ.

ಶಿರಸಿ ಕಡೆ ಈ ಸಮಸ್ಯೆ ಬೇರೆ ರೂಪದಲ್ಲಿ ಬರುತ್ತದೆ. ಅಡಿಕೆ ತೋಟಕ್ಕೆ ಕೊಳೆ ಔಷಧಿ ಹೊಡೆಯುವವರ ಮೈಗೆ, ಮಣ್ಣಿಗೆ ಎಷ್ಟು ತಾಮ್ರ ಸೇರುತ್ತದೆ ಅಂತ ನೋಡಲು ಹೊರಟಿರಿ ಅನ್ನಿ. ಆ ಔಷಧಿ ಬೋರ್ಡೋ ದ್ರಾವಣ. ಒಂದು ಪರ್ಸೆಂಟ್ ಬೋರ್ಡೋ ಅಂದರೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ (ಕಾಪರ್ ಸಲ್ಫೇಟ್), 1 ಕೆಜಿ ಸುಣ್ಣ. ಆದರೆ ಮೈಲುತುತ್ತದಲ್ಲಿ ತಾಮ್ರ ಇರುವುದು ಕಾಲು ಭಾಗ ಮಾತ್ರ, ಕೆಜಿಗೆ ಸುಮಾರು 255 ಗ್ರಾಂ. ಒಬ್ಬರು ‘ತಾಮ್ರ’ದ ಕಾಲಂಗೆ ಮೈಲುತುತ್ತದ ತೂಕ ತುಂಬಿದರೆ ಅಲ್ಲೇ ನಾಲ್ಕು ಪಟ್ಟು ತಪ್ಪು. ಜೊತೆಗೆ ತೋಟದವರು ಲೀಟರಿನಲ್ಲಿ ಮಾತಾಡುವುದಿಲ್ಲ. “ಈ ಸಲ ಎಷ್ಟು ಹೊಡೆಸಿದ್ರಿ?” ಅಂದರೆ “ಆರು ಬ್ಯಾರೆಲ್” ಅನ್ನುತ್ತಾರೆ. ‘ಆರು ಬ್ಯಾರೆಲ್’ ಅಂತಲೇ ಬರೆದುಕೊಳ್ಳಿ. ಆಮೇಲೆ ಅವರ ಬ್ಯಾರೆಲ್ಲು ಎಷ್ಟು ಲೀಟರಿನದು ಅಂತ ಕೇಳಿ. ಎಲ್ಲವೂ 200 ಲೀಟರ್ ಅಂತ ಕೂತಲ್ಲೇ ಅಂದುಕೊಳ್ಳಬೇಡಿ, ಅಂಗಳಕ್ಕೆ ಹೋಗಿ ನೋಡಿ.

ರಾಸಾಯನಿಕಕ್ಕೆ ಒಂದೇ ಹೆಸರು ಸಾಲದು, ನಂಬರು ಬೇಕು

ಮೈಲುತುತ್ತ, ಕಾಪರ್ ಸಲ್ಫೇಟ್, ನೀಲಿ ಹರಳು, ಬ್ರಾಂಡಿನ ಹೆಸರು... ಒಂದೇ ವಸ್ತು ನಾಲ್ಕು ಹೆಸರಿನಲ್ಲಿ ಬರುತ್ತದೆ. ಇದಕ್ಕೆ ಒಳ್ಳೆಯ ದಾರಿ ಸಿಎಎಸ್ ನಂಬರು. ಪ್ರತಿ ರಾಸಾಯನಿಕಕ್ಕೂ ಜಗತ್ತಿನಾದ್ಯಂತ ಒಂದೇ ನಂಬರು. ಪಾದರಸಕ್ಕೆ 7439-97-6. ನೀರಿನಂಶ ಇರುವ ಮೈಲುತುತ್ತಕ್ಕೆ 7758-99-8, ನೀರಿಲ್ಲದ ಕಾಪರ್ ಸಲ್ಫೇಟ್‌ಗೆ 7758-98-7. ಒಂದೇ ವಸ್ತುವಿನ ಎರಡು ರೂಪಕ್ಕೂ ಬೇರೆ ಬೇರೆ ನಂಬರು ಇರುವುದನ್ನು ಗಮನಿಸಿ.

ಇದರಲ್ಲಿ ನನಗೆ ತುಂಬಾ ಇಷ್ಟವಾದದ್ದು, ಟೈಪ್ ಮಾಡುವಾಗ ತಪ್ಪಿದರೆ ನಂಬರೇ ಹೇಳಿಬಿಡುತ್ತದೆ. ಕೊನೆಯ ಅಂಕಿ ತಾಳೆ ನೋಡಲಿಕ್ಕೆ ಇರುವುದು. ಅದನ್ನು ಬಿಟ್ಟು ಉಳಿದವನ್ನು ಬಲದಿಂದ ಎಡಕ್ಕೆ 1, 2, 3 ಹೀಗೆ ಗುಣಿಸುತ್ತಾ ಹೋಗಿ ಕೂಡಿಸಿ. ಪಾದರಸಕ್ಕೆ 7, 18, 27, 12, 20, 42, ಒಟ್ಟು 126. ಕೊನೆಯ ಅಂಕಿ 6. ನಂಬರಿನ ಕೊನೆಯಲ್ಲೂ 6. ಸರಿ ಇದೆ. ಎಕ್ಸೆಲ್‌ನಲ್ಲಿ ಒಂದು ಸೂತ್ರ ಹಾಕಿಟ್ಟರೆ ಎಲ್ಲ ಸಾಲೂ ಒಂದೇ ಸಲ ತಾಳೆಯಾಗುತ್ತದೆ.

ಎಂಡೋಸಲ್ಫಾನ್ ಬಗ್ಗೆ ಬೇರೆಯಾಗಿ ಹೇಳಬೇಕು. ನಮ್ಮ ಜಿಲ್ಲೆಯ ದಕ್ಷಿಣದ ತುದಿಯಲ್ಲಿ ಗೇರು ತೋಟಗಳಿಗೆ ಹೊಡೆದ ಈ ಔಷಧಿಯ ನೋವು ಇನ್ನೂ ಮುಗಿದಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ನಿಲ್ಲಿಸಿತು. ಅಳೆಯುವವರಿಗೆ ಇದು ಒಂದು ವಸ್ತುವಲ್ಲ. ಆಲ್ಫಾ, ಬೀಟಾ ಅಂತ ಎರಡು ರೂಪ, ಆಮೇಲೆ ಮಣ್ಣಿನಲ್ಲಿ, ದೇಹದಲ್ಲಿ ಅದು ಬದಲಾಗಿ ಆಗುವ ಎಂಡೋಸಲ್ಫಾನ್ ಸಲ್ಫೇಟ್. ಸಲ್ಫೇಟ್ ರೂಪ ಮೂಲಕ್ಕಿಂತ ಜಾಸ್ತಿ ದಿನ ಉಳಿಯುತ್ತದೆ. ಒಂದು ಲ್ಯಾಬಿನ ‘ಒಟ್ಟು ಎಂಡೋಸಲ್ಫಾನ್’ನಲ್ಲಿ ಮೂರೂ ಸೇರಿರಬಹುದು, ಇನ್ನೊಂದರಲ್ಲಿ ಎರಡೇ. ಎರಡನ್ನು ಮಾತ್ರ ಅಳೆದು “ಏನೂ ಇಲ್ಲ” ಅಂತ ಬರೆದರೆ ಆ ಮನೆಯವರಿಗೆ ಎಂಥ ಅನ್ಯಾಯ ನೋಡಿ. ಮೂರಕ್ಕೂ ಬೇರೆ ಬೇರೆ ಕಾಲಂ ಇಡಿ. ಕೂಡಿಸುವುದನ್ನು ಓದುವವರು ಮಾಡಿಕೊಳ್ಳಲಿ.

ಸೊನ್ನೆ ಬೇರೆ, ಖಾಲಿ ಬೇರೆ, ‘ಸಿಗಲಿಲ್ಲ’ ಬೇರೆ

ಲ್ಯಾಬಿನಿಂದ ‘0.5ಕ್ಕಿಂತ ಕಡಿಮೆ’ ಅಂತ ಬರುತ್ತದೆ. ಯಂತ್ರಕ್ಕೆ ಅದಕ್ಕಿಂತ ಕೆಳಗೆ ಕಣ್ಣು ಕಾಣುವುದಿಲ್ಲ ಅಂತ ಅರ್ಥ. ಅಲ್ಲಿ ಏನೂ ಇಲ್ಲ ಅಂತಲ್ಲ. ಟೈಪ್ ಮಾಡುವವರು ಕೆಲವರು ‘ಕಡಿಮೆ’ ಚಿಹ್ನೆ ತೆಗೆದು 0.5 ಮಾಡುತ್ತಾರೆ, ಕೆಲವರು ಸೊನ್ನೆ ಮಾಡುತ್ತಾರೆ, ಕೆಲವರು ಖಾಲಿ ಬಿಡುತ್ತಾರೆ. ಮೂರೂ ತಪ್ಪು. ಸ್ಯಾಂಪಲ್ ಬಾಟಲಿ ಒಡೆದು ಹೋದದ್ದೂ ಖಾಲಿಯೇ ಆಗಿರುತ್ತದೆ, ಹಾಗಾಗಿ ಆರು ತಿಂಗಳ ಮೇಲೆ ಯಾವುದು ಯಾವುದು ಅಂತ ದೇವರಿಗೇ ಗೊತ್ತು.

ಮೂರು ಕಾಲಂ ಇಡಿ. ಒಂದರಲ್ಲಿ ಅಂಕಿ, ಒಂದರಲ್ಲಿ ಸ್ಥಿತಿ (ಸಿಕ್ಕಿದೆ, ಮಿತಿಗಿಂತ ಕಡಿಮೆ, ಸ್ಯಾಂಪಲ್ ಹಾಳು, ಕೊಡಲು ಒಪ್ಪಲಿಲ್ಲ), ಇನ್ನೊಂದರಲ್ಲಿ ಆ ದಿನದ ಪತ್ತೆ ಮಿತಿ, ಅಂದರೆ ಯಂತ್ರಕ್ಕೆ ಕಾಣುವ ಅತಿ ಕಡಿಮೆ ಅಂಕಿ. ಲೆಕ್ಕ ಮಾಡುವಾಗ ಮಿತಿಗಿಂತ ಕಡಿಮೆ ಬಂದ ಸಾಲಿಗೆ ಮಿತಿಯ ಅರ್ಧ ಹಾಕುವುದೋ, ಮಿತಿಯನ್ನು ಎರಡರ ವರ್ಗಮೂಲದಿಂದ ಭಾಗಿಸುವುದೋ ಆಮೇಲಿನ ಮಾತು, ಮೂಲ ಶೀಟಿನಲ್ಲಿ ಅದನ್ನು ಮಾಡಬೇಡಿ. ಅರ್ಧಕ್ಕರ್ಧ ಸ್ಯಾಂಪಲ್ ಮಿತಿಗಿಂತ ಕೆಳಗೆ ಇದ್ದರೆ ಆ ಕೈಚಳಕ ಯಾವುದೂ ನಡೆಯುವುದಿಲ್ಲ, ಸಂಖ್ಯಾಶಾಸ್ತ್ರ ಗೊತ್ತಿದ್ದವರನ್ನು ಕೇಳಿ.

ಲ್ಯಾಬಿನಿಂದ ಇನ್ನೊಂದನ್ನೂ ಕೇಳಿ ತೆಗೆದುಕೊಳ್ಳಿ: ಮೀನು, ರಕ್ತ ಏನೂ ಹಾಕದ ಖಾಲಿ ಸ್ಯಾಂಪಲ್ ಯಂತ್ರದಲ್ಲಿ ಓಡಿಸಿದಾಗ ಎಷ್ಟು ಬಂತು, ಮತ್ತು ಪ್ರಮಾಣಿತ ಮಾದರಿ ಓಡಿಸಿದಾಗ ಎಷ್ಟು ಬಂತು. ಮೀನಿನ ಪಾದರಸಕ್ಕೆ ಕೆನಡಾದ ನ್ಯಾಷನಲ್ ರಿಸರ್ಚ್ ಕೌನ್ಸಿಲ್ ಮಾಡುವ ‘ಡಾರ್ಮ್’ ಎಂಬ ಮೀನಿನ ಪುಡಿ ಇದೆ, ಅದರಲ್ಲಿ ಎಷ್ಟು ಪಾದರಸ ಇದೆ ಅಂತ ಮೊದಲೇ ಖಚಿತ ಮಾಡಿರುತ್ತಾರೆ. ಅದನ್ನೇ ಸರಿಯಾಗಿ ಅಳೆಯದ ಲ್ಯಾಬು ನಿಮ್ಮ ಬಂಗಡೆಯನ್ನು ಹೇಗೆ ಅಳೆಯುತ್ತದೆ? ಕೇಳಿದರೆ ಕೆಲವರಿಗೆ ಸಿಟ್ಟು ಬರುತ್ತದೆ. ಬರಲಿ.

ಮೀನು, ಊರು, ತಾರೀಕು

ಕಾರವಾರದವರು ತಾರ್ಲೆ ಅಂತ ಬರೆದರು, ಮಂಗಳೂರಿನಿಂದ ಬಂದ ವಿದ್ಯಾರ್ಥಿ ಬೂತಾಯಿ ಅಂತ ಬರೆದ. ಎಕ್ಸೆಲ್‌ಗೆ ಇವು ಎರಡು ಮೀನು. ಬಳಚಿನದೂ ಇದೇ ಕತೆ, ಕೊಂಕಣಿ ಮನೆಗಳಲ್ಲಿ ಅದು ತಿಸ್ರೆ. ಊರಿನ ಹೆಸರು ಇರಲಿ, ಪಕ್ಕದಲ್ಲಿ ವೈಜ್ಞಾನಿಕ ಹೆಸರು ಇರಲೇಬೇಕು. ತಾರ್ಲೆಗೆ ಸಾರ್ಡಿನೆಲ್ಲಾ ಲಾಂಜಿಸೆಪ್ಸ್, ಬಂಗಡೆಗೆ ರಾಸ್ಟ್ರೆಲಿಜರ್ ಕನಗುರ್ಟಾ. ಬಳಚಿನಲ್ಲಿ ಹಲವು ಜಾತಿ ಇರುವುದರಿಂದ ಅಲ್ಲಿ ಸುಮ್ನೆ ಊಹಿಸಬೇಡಿ, ಚಿಪ್ಪಿನ ಫೋಟೊ ತೆಗೆದಿಡಿ. ಮೀನಿನ ಉದ್ದವನ್ನೂ ಬರೆಯಿರಿ. ದೊಡ್ಡ ಮೀನಿನಲ್ಲಿ, ಬೇರೆ ಮೀನು ತಿನ್ನುವ ಮೀನಿನಲ್ಲಿ ಪಾದರಸ ಜಾಸ್ತಿ ಕೂಡುತ್ತದೆ. ಉದ್ದ ಇಲ್ಲದೆ ಎರಡು ಊರಿನ ಮೀನು ಹೋಲಿಸಿದರೆ ನೀವು ಹೋಲಿಸುವುದು ಬರೀ ಮೀನಿನ ವಯಸ್ಸನ್ನು.

ಊರಿನ ಹೆಸರಿಗೆ ಸರ್ಕಾರದ ಗ್ರಾಮ ಕೋಡ್ ಬಳಸಿ. ಇಂಗ್ಲಿಷಿನಲ್ಲಿ ಶಿರಸಿಯನ್ನೇ ಮೂರು ಥರ ಬರೆಯುತ್ತಾರೆ. ನಾವು ನಮ್ಮದೇ ಕೋಡು ಮಾಡಲು ಹೋಗಿ ಶಿರಸಿಯ ಮರಾಠಿಕೊಪ್ಪಕ್ಕೆ ‘ಎಂ ಎ ಆರ್’ ಅಂತ ಇಟ್ಟೆವು. ಹನ್ನೆರಡನೇ ಸ್ಯಾಂಪಲ್ ‘ಎಂಎಆರ್-12’. ಎಕ್ಸೆಲ್ ಅದನ್ನು ಮಾರ್ಚ್ 12 ಮಾಡಿ ಕೂರಿಸಿತು. ನಕ್ಕುಬಿಟ್ಟೆವು, ಆದರೆ ಇದು ನಮ್ಮೊಬ್ಬರ ಗೋಳಲ್ಲ. ಕೆಲವು ಜೀನ್‌ಗಳ ಹೆಸರನ್ನು ಎಕ್ಸೆಲ್ ಹೀಗೇ ತಾರೀಕು ಮಾಡುತ್ತಿದೆ ಅಂತ ಜೀನ್‌ಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿಯೇ ಆ ಹೆಸರುಗಳನ್ನು ಬದಲಿಸಿ 2020ರಲ್ಲಿ ಹೊಸ ನಿಯಮ ಪ್ರಕಟಿಸಿತು. ಮಧ್ಯದ ಭಾಗ ತಿಂಗಳಿನ ಹಾಗೆ ಕಾಣುವ ಸಿಎಎಸ್ ನಂಬರುಗಳೂ ಹೀಗೇ ತಾರೀಕಾಗಬಹುದು. ಟೈಪ್ ಮಾಡುವ ಮೊದಲು ಆ ಕಾಲಂಗಳನ್ನು ‘ಟೆಕ್ಸ್ಟ್’ ಮಾಡಿಡಿ.

ತಾರೀಕು ಯಾವಾಗಲೂ 2024-06-05 ಹೀಗೆ. 05/06 ಅಂದರೆ ಜೂನ್ ಐದೋ ಮೇ ಆರೋ? ನಮ್ಮ ಕಡೆ ಈ ಒಂದು ತಿಂಗಳು ಸಣ್ಣದಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿ ಕಡಲಿಗೆ ಇಳಿಯುವುದಿಲ್ಲ. ತಾಜಾ ಮೀನು ಕಡಿಮೆಯಾಗಿ ಒಣಮೀನು ಒಲೆಗೆ ಬರುತ್ತದೆ. ತಲೆಕೂದಲಿನಲ್ಲಿ ಪಾದರಸ ಅಳೆಯುವವರಿಗೆ ಇದು ಬಹಳ ಮುಖ್ಯ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಬುಡದಿಂದ ಮೂರು ಸೆಂಟಿಮೀಟರ್ ಅಂದರೆ ಹಿಂದಿನ ಮೂರು ತಿಂಗಳ ಊಟದ ಲೆಕ್ಕ. ಆಗಸ್ಟ್ ಕೊನೆಯಲ್ಲಿ ಕತ್ತರಿಸಿದ ಕೂದಲು ಮಳೆಗಾಲದ ಕತೆ ಹೇಳುತ್ತದೆ, ಜನವರಿಯದು ಬೇರೆಯದೇ ಕತೆ. ಹಾಗಾಗಿ ಕತ್ತರಿಸಿದ ತಾರೀಕು, ಎಷ್ಟು ಉದ್ದ, ಬುಡ ಯಾವ ಕಡೆ, ಮೂರನ್ನೂ ಬರೆಯಬೇಕು. ಬುಡದ ಕಡೆ ಬಿಳಿ ದಾರ ಕಟ್ಟಿ ಕಾಗದಕ್ಕೆ ಅಂಟಿಸಿ. ಇಷ್ಟು ಸಣ್ಣ ಕೆಲಸ ಬಿಟ್ಟದ್ದಕ್ಕೆ ಒಂದು ಸಂಜೆಯ ಸ್ಯಾಂಪಲ್ಲುಗಳನ್ನು ಪೂರ್ತಿ ಎಸೆದವರಲ್ಲಿ ನಾನೂ ಒಬ್ಬ.

ಜಿಪಿಎಸ್ ಅಂಕಿಯಲ್ಲಿ ಅಕ್ಷಾಂಶ ಮೊದಲು ಅಂತ ಮೊದಲೇ ನಿಗದಿ ಮಾಡಿ. ಕಾರವಾರ 14.81, 74.13. ಅದಲು ಬದಲಾದರೆ ನಿಮ್ಮ ಸ್ಯಾಂಪಲ್ ನಾರ್ವೆಯ ಉತ್ತರಕ್ಕೆ ಹಿಮಗಡಲ ಹತ್ತಿರ ನೀರಿನಲ್ಲಿ ಬಿದ್ದಿರುತ್ತದೆ. ಒಮ್ಮೆ ನಕಾಶೆಯಲ್ಲಿ ಹಾಕಿ ನೋಡಿದರೆ ತಕ್ಷಣ ಸಿಕ್ಕಿಬೀಳುವ ತಪ್ಪು ಇದು.

ಜನ

ಇಲ್ಲಿ ನಿಧಾನ ಮಾಡಿ. ಹೆಸರು ತೆಗೆದರೆ ಗುಟ್ಟು ಉಳಿಯಿತು ಅಂತ ಅಂದುಕೊಳ್ಳುವುದು ನಗರದ ಲೆಕ್ಕ. ಶಿರಸಿ ಹತ್ತಿರದ ಒಂದು ಸಣ್ಣ ಊರಿನ ಸಾಲು ಹೀಗಿದೆ ಅಂದುಕೊಳ್ಳಿ: ಗಂಡಸು, 52 ವರ್ಷ, ಕೊನೆಗೌಡ (ಅಡಿಕೆ ಮರ ಹತ್ತುವವರು), ಒಂದು ಕಣ್ಣಿಗೆ ತೊಂದರೆ. ಹೆಸರು ಎಲ್ಲಿದೆ? ಎಲ್ಲೂ ಇಲ್ಲ. ಆದರೆ ಆ ಊರಿನಲ್ಲಿ ಮರ ಹತ್ತುವವರು ಇಬ್ಬರೇ, ಅವರಲ್ಲಿ ಕಣ್ಣಿನ ತೊಂದರೆ ಒಬ್ಬರಿಗೇ. ಸೊಸೈಟಿ ಕಟ್ಟೆಯ ಮೇಲೆ ಕೂತವರು ಅರ್ಧ ನಿಮಿಷದಲ್ಲಿ ಹೇಳುತ್ತಾರೆ. ಅಡ್ಡಹೆಸರು ಬಿಟ್ಟರೂ ಜಾತಿ, ಕೇರಿ, ಕಸುಬು ಸೇರಿದರೆ ಅದೇ ಕತೆ. ಮಗಳ ಮದುವೆ ಮಾತು ನಡೆಯುತ್ತಿರುವ ಮನೆಯಲ್ಲಿ ‘ಇವರ ರಕ್ತದಲ್ಲಿ ವಿಷ ಇದೆಯಂತೆ’ ಅಂತ ಸುದ್ದಿಯಾದರೆ ಅದನ್ನು ನೀವು ವಾಪಸು ತೆಗೆದುಕೊಳ್ಳಲಾರಿರಿ.

ಹಂಚುವ ಶೀಟಿನಲ್ಲಿ ವಯಸ್ಸನ್ನು ಹತ್ತು ವರ್ಷದ ಗುಂಪು ಮಾಡಿ. ಕಸುಬನ್ನು ದೊಡ್ಡ ಗುಂಪಿಗೆ ಸೇರಿಸಿ, ‘ತೋಟದ ಕೆಲಸ’, ‘ಮೀನುಗಾರಿಕೆ’ ಹೀಗೆ. ಊರಿನ ಬದಲು ಹೋಬಳಿ ಅಥವಾ ತಾಲೂಕು. ಆಮೇಲೆ ಈ ಕಾಲಂಗಳನ್ನು ಜೋಡಿಸಿ ಎಣಿಸಿ ನೋಡಿ. ಯಾವುದಾದರೂ ಗುಂಪಿನಲ್ಲಿ ಐದಕ್ಕಿಂತ ಕಡಿಮೆ ಜನ ಬಂದರೆ ಇನ್ನೂ ದೊಡ್ಡದು ಮಾಡಿ, ಇಲ್ಲವೇ ಆ ಸಾಲು ಬಿಡಿ. ಜಿಪಿಎಸ್‌ನಲ್ಲಿ ದಶಮಾಂಶದ ನಂತರ ನಾಲ್ಕು ಅಂಕಿ ಇದ್ದರೆ ಅದು 11 ಮೀಟರ್, ಅಂದರೆ ಮನೆಯ ಬಾಗಿಲು. ಎರಡು ಅಂಕಿಗೆ ಇಳಿಸಿದರೆ ಸುಮಾರು ಒಂದು ಕಿಲೋಮೀಟರ್. ಒಂಟಿ ಮನೆಗಳ ನಮ್ಮ ಘಟ್ಟದ ಮೇಲೆ ಅದೂ ಸಾಲದೇ ಇರಬಹುದು.

ಹೆಸರು ಮತ್ತು ಕೋಡ್ ಜೋಡಿಸುವ ಫೈಲು ಬೇರೆ ಕಡೆ ಇರಲಿ, ಪಾಸ್‌ವರ್ಡ್ ಹಾಕಿ, ಇಬ್ಬರ ಕೈಯಲ್ಲಿ ಮಾತ್ರ. ತುಂಬಿದ ಫಾರಂನ ಫೋಟೊ ವಾಟ್ಸಾಪ್ ಗುಂಪಿಗೆ ಹಾಕುವುದನ್ನು ಮೊದಲ ದಿನವೇ ನಿಲ್ಲಿಸಿ. ‘ಸರ್, ಇದು ಓದ್ಲಿಕ್ಕೆ ಆಗ್ತಾ ಇಲ್ಲ, ನೋಡಿ’ ಅಂತ ಒಬ್ಬರು ಹಾಕುತ್ತಾರೆ, ಇಪ್ಪತ್ತು ಜನರ ಮೊಬೈಲಿನಲ್ಲಿ ಉಳಿಯುತ್ತದೆ.

ಒಪ್ಪಿಗೆಯನ್ನು ಮೂರು ಪ್ರಶ್ನೆ ಮಾಡಿ ಕೇಳಿ. ಈ ಅಧ್ಯಯನಕ್ಕೆ ಬಳಸಬಹುದಾ? ಹೆಸರಿಲ್ಲದೆ ಬೇರೆ ಸಂಶೋಧಕರಿಗೆ ಕೊಡಬಹುದಾ? ಉಳಿದ ರಕ್ತ ಅಥವಾ ಕೂದಲನ್ನು ಮುಂದೆ ಬೇರೆ ಪರೀಕ್ಷೆಗೆ ಇಟ್ಟುಕೊಳ್ಳಬಹುದಾ? ಮೂರಕ್ಕೂ ಬೇರೆ ಬೇರೆ ಹೌದು, ಇಲ್ಲ. ಈ ಉತ್ತರಗಳೂ ಡೇಟಾದಲ್ಲಿ ಕಾಲಂ ಆಗಿ ಇರಬೇಕು, ಇಲ್ಲದಿದ್ದರೆ ಹಂಚುವ ದಿನ ಯಾರ ಸಾಲು ತೆಗೆಯಬೇಕು ಅಂತ ಗೊತ್ತಾಗುವುದಿಲ್ಲ. ಕಡಲಬದಿಯ ಎಷ್ಟೋ ಮನೆಗಳಲ್ಲಿ ಮನೆಮಾತು ಕೊಂಕಣಿ. ಕನ್ನಡ ಫಾರಂ ಕೊಟ್ಟು ಹೆಬ್ಬೆಟ್ಟು ಒತ್ತಿಸಿದರೆ ಅದು ಒಪ್ಪಿಗೆ ಅಲ್ಲ, ಅವರ ಮಾತಿನಲ್ಲಿ ಓದಿ ಹೇಳುವವರನ್ನು ಕರೆದುಕೊಂಡು ಹೋಗಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ನೈತಿಕ ಮಾರ್ಗಸೂಚಿಗಳನ್ನು ಒಮ್ಮೆ ಪೂರ್ತಿ ಓದಿ, ಸಂಶೋಧನೆಯ ನೈತಿಕತಾ ಸಮಿತಿಯ ಅನುಮತಿ ಇಲ್ಲದೆ ಒಂದು ಹನಿ ರಕ್ತವನ್ನೂ ತೆಗೆಯಬೇಡಿ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಕಾಯ್ದೆಯಲ್ಲಿ ಸಂಶೋಧನೆಗೆ ವಿನಾಯಿತಿ ಇದೆ, ಆದರೆ ಹೇಳಿದ ಮಾನದಂಡ ಪಾಲಿಸಿದವರಿಗೆ ಮಾತ್ರ.

ಫೈಲು, ಮಳೆ, ಕರೆಂಟು

ಮೂಲ ಫೈಲನ್ನು ಯಾರೂ ಮುಟ್ಟಬಾರದು. ‘ಕಾರವಾರ_ಬಳಚು_ಪಾದರಸ_2024-11-08_ಮೂಲ’ ಅಂತ ಹೆಸರಿಟ್ಟು, ಓದಲು ಮಾತ್ರ ಬರುವ ಹಾಗೆ ಮಾಡಿಡಿ. ತಿದ್ದುವುದೆಲ್ಲ ನಕಲಿನಲ್ಲಿ. ತಿದ್ದಿದ್ದಕ್ಕೆ ಒಂದು ದಿನಚರಿ: ಯಾವ ದಿನ, ಯಾರು, ಯಾವ ಸಾಲು, ಮೊದಲು ಏನಿತ್ತು, ಈಗೇನು, ಯಾಕೆ. ‘ಫೈನಲ್’, ‘ಫೈನಲ್ ಹೊಸದು’, ‘ಫೈನಲ್ ಇದೇ ಸರಿ’ ಅಂತ ಫೈಲು ಇಟ್ಟವರಿಗೆ ನಾನೇನೂ ಹೇಳುವುದಿಲ್ಲ. ನಮ್ಮಲ್ಲೂ ಇತ್ತು. ಬಣ್ಣ ಹಚ್ಚಿ ಅರ್ಥ ಹೇಳಬೇಡಿ. ಹಳದಿ ಸಾಲು ಅಂದರೆ ಅನುಮಾನ ಅಂತ ನಿಮಗೆ ಗೊತ್ತು, ಅದನ್ನು ಸಿಎಸ್‌ವಿ, ಅಂದರೆ ಬರೀ ಅಕ್ಷರ ಅಂಕಿಗಳ ಫೈಲು, ಮಾಡಿದ ತಕ್ಷಣ ಬಣ್ಣ ಹೋಗುತ್ತದೆ.

ಹಳ್ಳಿಗೆ ಹೋಗುವಾಗ ಸಿಗ್ನಲ್ ನಂಬಬೇಡಿ. ಓಡಿಕೆ ಕಲೆಕ್ಟ್, ಕೋಬೋ ಇಂಥ ಆ್ಯಪ್‌ಗಳು ನೆಟ್ ಇಲ್ಲದೆಯೂ ಮೊಬೈಲಿನಲ್ಲಿ ಫಾರಂ ತುಂಬಿಸಿಕೊಳ್ಳುತ್ತವೆ, ಆಮೇಲೆ ಸಿಗ್ನಲ್ ಬಂದಾಗ ಕಳಿಸುತ್ತವೆ. ವಯಸ್ಸಿನ ಜಾಗದಲ್ಲಿ 520 ಒತ್ತಿದರೆ ಮುಂದೆ ಹೋಗದ ಹಾಗೆ ಅಲ್ಲೇ ಕಟ್ಟು ಹಾಕಬಹುದು. ಕಾಗದದ ಫಾರಂ ಆದರೆ ಜೂನ್ ಬರುವ ಮೊದಲು ಸ್ಕ್ಯಾನ್ ಮಾಡಿ ಮುಗಿಸಿ. ಇಲ್ಲಿನ ಮಳೆಗಾಲದಲ್ಲಿ ಕಪಾಟಿನೊಳಗಿನ ಕಾಗದಕ್ಕೂ ಬೂಷ್ಟು ಹಿಡಿಯುತ್ತದೆ, ಬಾಲ್‌ಪೆನ್ನಿನ ಅಕ್ಷರ ಉಳಿದೀತು, ಇಂಕಿನದು ಉಳಿಯುವುದಿಲ್ಲ. ಫ್ರೀಜರಿನಲ್ಲಿಟ್ಟ ಸ್ಯಾಂಪಲ್‌ಗೆ ಕರೆಂಟು ಹೋದ ಹೊತ್ತೂ ಡೇಟಾವೇ. ಫ್ರೀಜರ್ ಬಾಗಿಲಿಗೆ ಒಂದು ಕಾಗದ ಅಂಟಿಸಿ, ಹೋದದ್ದು ಎಷ್ಟು ಹೊತ್ತಿಗೆ, ಬಂದದ್ದು ಎಷ್ಟು ಹೊತ್ತಿಗೆ ಅಂತ ಬರೆಯಿರಿ.

ಬ್ಯಾಕಪ್‌ಗೆ ಮೂರು ಪ್ರತಿ, ಎರಡು ಬಗೆಯ ಜಾಗ, ಒಂದು ಊರ ಹೊರಗೆ. ಕಾರವಾರದ ಲ್ಯಾಪ್‌ಟಾಪಿನಲ್ಲಿ ಒಂದು, ಶಿರಸಿಯವರ ಹಾರ್ಡ್ ಡಿಸ್ಕಿನಲ್ಲಿ ಒಂದು, ಕ್ಲೌಡಿನಲ್ಲಿ ಒಂದು. ಡ್ರೈವ್ ಖಾತೆ ಎಂ.ಎಸ್ಸಿ ವಿದ್ಯಾರ್ಥಿಯ ಸ್ವಂತ ಜಿಮೇಲ್‌ನಲ್ಲಿ ಇರಬಾರದು, ಅವನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದ ಮೇಲೆ ನೀವು ಪಾಸ್‌ವರ್ಡ್‌ಗೆ ಕಾಯುತ್ತಾ ಕೂರಬೇಕಾಗುತ್ತದೆ.

ಹೊರಗೆ ಕೊಡುವಾಗ

ಕೊನೆಗೆ ಇದನ್ನು ಬೇರೆಯವರೂ ಬಳಸುವ ಹಾಗೆ ಎಲ್ಲೋ ಇಡಬೇಕು. ಜೆನೊಡೊ ಅಂತ ಯುರೋಪಿನ ಭೌತವಿಜ್ಞಾನ ಸಂಸ್ಥೆ ಸರ್ನ್ ನಡೆಸುವ ಉಚಿತ ಆನ್‌ಲೈನ್ ಡೇಟಾ ಸಂಗ್ರಹ ಇದೆ. ಹೆಸರಿಲ್ಲದ ಶೀಟು, ಕಾಲಂ ಪಟ್ಟಿ, ತಿದ್ದಿದ ದಿನಚರಿ ಹಾಕಿದರೆ ಅದಕ್ಕೊಂದು ಶಾಶ್ವತ ನಂಬರು ಕೊಡುತ್ತದೆ. ಕಾರವಾರದ ಕಾಸ್ಟಿಕ್ ಸೋಡಾ ಕಾರ್ಖಾನೆ ಹತ್ತಿರದ ಪಾದರಸದ ಬಗ್ಗೆ 1990ರಲ್ಲೇ ಒಂದು ಪ್ರಬಂಧ ಬಂದಿತ್ತು. ಇಷ್ಟು ವರ್ಷದ ಮೇಲೂ ನಾವು ಅದನ್ನು ಹುಡುಕಿ ಓದುತ್ತೇವೆ, ಹಸಿಯೋ ಒಣವೋ ಅಂತ ನೋಡುತ್ತೇವೆ. ನಿಮ್ಮ ಶೀಟನ್ನೂ ಯಾರೋ 2055ರಲ್ಲಿ ತೆರೆದಾರು, ಆಗ ಫೋನು ಮಾಡಿ ಕೇಳಲು ನೀವು ಇರುವುದಿಲ್ಲ.

ಅದಕ್ಕಿಂತ ಮೊದಲು ಸ್ಯಾಂಪಲ್ ಕೊಟ್ಟವರ ಮನೆಗೆ ಹೋಗಿ. ಅವರವರ ಅಂಕಿಯನ್ನು ಅವರವರಿಗೆ ಮಾತ್ರ, ಬೇರೆ ಲಕೋಟೆಯಲ್ಲಿ, ಜೊತೆಗೆ ಡಾಕ್ಟರು ಇರಲಿ. ಕಳೆದ ಸಲ ಒಬ್ಬ ಅಮ್ಮ ಲಕೋಟೆ ತೆರೆದು ನೋಡಿ, ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಕೇಳಿದರು: “ಈಗ ನಾಳೆ ಬಳಚು ತೆಗೀಲಿಕ್ಕೆ ಹೋಗ್ಲಾ ಬೇಡ್ವಾ, ಅದು ಹೇಳಿ.” ಆ ಪ್ರಶ್ನೆಯನ್ನು ನಾವು ಫಾರಂನಲ್ಲಿ ಎಲ್ಲೂ ಇಟ್ಟಿರಲಿಲ್ಲ. ಈಗ ಅದಕ್ಕೂ ಒಂದು ಕಾಲಂ ಇದೆ.